ಔಷಧ ಸಂಯುಕ್ತಕ್ಕೆ ಎರಡನೇ ಪೇಟೆಂಟ್: ಡಬಲ್ ಪೇಟೆಂಟಿಂಗ್ ಆಕ್ಷೇಪಕ್ಕೆ ಉತ್ತರ ಬರೆಯುವ ಬಗೆ

ಅಮೆರಿಕದ ಪೇಟೆಂಟ್ ಕಚೇರಿಯಿಂದ ಆಫೀಸ್ ಆಕ್ಷನ್, ಅಂದರೆ ಪರೀಕ್ಷಕರ ಆಕ್ಷೇಪಗಳ ಪತ್ರ, ಬಂದಿದೆ. ಮೊದಲ ಪುಟಗಳಲ್ಲಿ ಹೊಸತನದ ಬಗ್ಗೆ, ಕ್ಲೇಮ್‌ಗಳ (ಪೇಟೆಂಟಿನ ವ್ಯಾಪ್ತಿಯನ್ನು ಹೇಳುವ ವಾಕ್ಯಗಳ) ಸ್ಪಷ್ಟತೆಯ ಬಗ್ಗೆ ಎಂದಿನ ಆಕ್ಷೇಪಗಳಿವೆ. ಕೊನೆಯಲ್ಲಿ ಅರ್ಧ ಪುಟದಷ್ಟೇ ಇರುವ ಇನ್ನೊಂದು ಆಕ್ಷೇಪ: ನಿಮ್ಮ ಕ್ಲೇಮ್ 1ರಿಂದ 12, ನಿಮ್ಮದೇ ಕಂಪನಿಯ ಹಿಂದಿನ ಪೇಟೆಂಟಿನ ಕ್ಲೇಮ್‌ಗಳಿಗಿಂತ ಪ್ರತ್ಯೇಕ ಪೇಟೆಂಟ್ ಕೊಡುವಷ್ಟು ಭಿನ್ನವಾಗಿಲ್ಲ. ಇದೇ ಡಬಲ್ ಪೇಟೆಂಟಿಂಗ್ ರಿಜೆಕ್ಷನ್.

ಇದನ್ನು ಕಂಡ ಕೂಡಲೇ ಕಚೇರಿಗಳಲ್ಲಿ ಬರುವ ಮೊದಲ ಮಾತು, ‘ಟರ್ಮಿನಲ್ ಡಿಸ್‌ಕ್ಲೇಮರ್ ಸಲ್ಲಿಸಿಬಿಡೋಣ’ ಎಂಬುದು. ಹೊಸ ಪೇಟೆಂಟ್ ಹಳೆಯದರ ಜೊತೆಗೇ ಮುಗಿಯಲಿ ಎಂದು ಬರೆದುಕೊಡುವ ಪತ್ರ ಅದು: ಒಂದು ಅರ್ಜಿ ನಮೂನೆ, ಒಂದು ಸಹಿ, ಒಂದಿಷ್ಟು ಶುಲ್ಕ. ಆಕ್ಷೇಪ ಅಲ್ಲಿಗೆ ಮುಗಿಯುತ್ತದೆ. ಬೇರೆ ತಂತ್ರಜ್ಞಾನಗಳಲ್ಲಿ ಅದು ಎಷ್ಟೋ ಸಲ ಸರಿಯಾದ ಮಾತೇ ಇರಬಹುದು. ಔಷಧದ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಒಂದು ಮಾತ್ರೆಯ ಮೇಲಿನ ಏಕಸ್ವಾಮ್ಯ ಯಾವ ದಿನ ಮುಗಿಯುತ್ತದೆ ಎಂಬುದನ್ನು ಆ ಸಹಿ ನಿರ್ಧರಿಸುತ್ತದೆ. ಕಂಪನಿಗೂ ಆ ದಿನ ಮುಖ್ಯ, ಜನೆರಿಕ್ ಮಾತ್ರೆಗಾಗಿ ಕಾಯುತ್ತಿರುವ ರೋಗಿಗೂ ಮುಖ್ಯ. ಸಹಿ ಹಾಕುವ ಮೊದಲು ಎರಡು ಕೆಲಸ ಆಗಿರಬೇಕು: ದಿನಾಂಕಗಳ ಲೆಕ್ಕ, ಮತ್ತು ಕ್ಲೇಮಿಗೆ ಎದುರಾಗಿ ಕ್ಲೇಮ್ ಇಟ್ಟು ಮಾಡಿದ ಹೋಲಿಕೆ.

ಈ ಅರ್ಧ ಪುಟವನ್ನು ಲಘುವಾಗಿ ತೆಗೆದುಕೊಳ್ಳಬಾರದು ಎನ್ನಲು ಫ್ಲುಆಕ್ಸಿಟಿನ್ ಮೊಕದ್ದಮೆಯೊಂದೇ ಸಾಕು. ಪ್ರೊಜ಼ಾಕ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಈ ಔಷಧದ ಒಂದು ಪೇಟೆಂಟ್ 2003ರ ಡಿಸೆಂಬರ್‌ವರೆಗೆ ಬಾಳಬೇಕಿತ್ತು. ಅದರ ಕ್ಲೇಮ್, ಫ್ಲುಆಕ್ಸಿಟಿನ್ ಕೊಟ್ಟು ಮಿದುಳಿನಲ್ಲಿ ಸೆರೊಟೋನಿನ್ ಮರುಹೀರಿಕೆಯನ್ನು ತಡೆಯುವ ವಿಧಾನದ್ದು. ಅದೇ ಎಲೈ ಲಿಲ್ಲಿ ಕಂಪನಿಯ ಹಿಂದಿನ ಪೇಟೆಂಟೊಂದು, ಮನುಷ್ಯರಿಗೆ ಫ್ಲುಆಕ್ಸಿಟಿನ್ ಕೊಟ್ಟು ಆತಂಕದ ಕಾಯಿಲೆಗೆ ಚಿಕಿತ್ಸೆ ಮಾಡುವ ವಿಧಾನವನ್ನು ಆಗಲೇ ಕ್ಲೇಮ್ ಮಾಡಿತ್ತು. ಔಷಧ ಕೊಟ್ಟ ಮೇಲೆ ಸೆರೊಟೋನಿನ್ ಮರುಹೀರಿಕೆ ತಾನಾಗಿಯೇ ನಿಲ್ಲುತ್ತದೆ. ಹಾಗಿದ್ದ ಮೇಲೆ ಎರಡನೆಯದರಲ್ಲಿ ಹೊಸದೇನಿದೆ ಎಂದು ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಆ ಕ್ಲೇಮನ್ನು ಅಸಿಂಧುಗೊಳಿಸಿತು. 2001ರ ಆಗಸ್ಟ್‌ನಲ್ಲಿ ಜನೆರಿಕ್ ಫ್ಲುಆಕ್ಸಿಟಿನ್ ಮಾರುಕಟ್ಟೆಗೆ ಬಂತು. ಪೇಟೆಂಟ್ ಕೈಗೆ ಬಂದು ಎಷ್ಟೋ ವರ್ಷಗಳಾದ ಮೇಲೂ ಈ ದೋಷ ಎದ್ದು ನಿಲ್ಲಬಲ್ಲದು ಎಂಬುದನ್ನು ಇದರಿಂದ ತಿಳಿಯಬೇಕು.

ಮೊದಲ ಹೆಜ್ಜೆ: ಆಕ್ಷೇಪ ಯಾವ ಬಗೆಯದು?

ಅಮೆರಿಕದಲ್ಲಿ ಇದಕ್ಕೆ ಎರಡು ಬಗೆಗಳಿವೆ. ಒಂದು ಶಾಸನದಿಂದಲೇ ಹುಟ್ಟಿದ್ದು. ಅಲ್ಲಿನ ಪೇಟೆಂಟ್ ಕಾಯಿದೆಯ 101ನೇ ಸೆಕ್ಷನ್, ಆವಿಷ್ಕಾರ ಮಾಡಿದವರು ಅದಕ್ಕೆ ‘ಒಂದು ಪೇಟೆಂಟ್’ ಪಡೆಯಬಹುದು ಎನ್ನುತ್ತದೆ. ಅದೇ ಆವಿಷ್ಕಾರವನ್ನು ಎರಡು ಸಲ ಕ್ಲೇಮ್ ಮಾಡಿದರೆ ಈ ಸೆಕ್ಷನ್ ಅಡಿ ತಿರಸ್ಕರಿಸುತ್ತಾರೆ. ಇದಕ್ಕೆ ಟರ್ಮಿನಲ್ ಡಿಸ್‌ಕ್ಲೇಮರ್ ಮದ್ದಲ್ಲ. ಕ್ಲೇಮನ್ನು ತಿದ್ದಬೇಕು, ಇಲ್ಲವೇ ಕೈಬಿಡಬೇಕು.

ಅದೇ ಆವಿಷ್ಕಾರ ಹೌದೋ ಅಲ್ಲವೋ ಎಂದು ನೋಡಲು ಒಂದು ಸರಳ ಪ್ರಶ್ನೆ ಇದೆ: ಒಂದು ಕ್ಲೇಮನ್ನು ಅಕ್ಷರಶಃ ಉಲ್ಲಂಘಿಸಿ, ಇನ್ನೊಂದನ್ನು ಉಲ್ಲಂಘಿಸದೆ ಉಳಿಯುವ ವಸ್ತು ಯಾವುದಾದರೂ ಇದೆಯೇ? ಹಿಂದಿನ ಕ್ಲೇಮ್ ಹೈಡ್ರೋಕ್ಲೋರೈಡ್ ಲವಣವನ್ನು ಮಾತ್ರ ಹೇಳುತ್ತದೆ, ಹೊಸದು ‘ಸಂಯುಕ್ತ ಅಥವಾ ಅದರ ಯಾವುದೇ ಲವಣ’ ಎನ್ನುತ್ತದೆ ಎಂದುಕೊಳ್ಳಿ. ಸಲ್ಫೇಟ್ ಲವಣ ತಯಾರಿಸುವವನು ಹೊಸದನ್ನು ಉಲ್ಲಂಘಿಸುತ್ತಾನೆ, ಹಳೆಯದನ್ನಲ್ಲ. ಹಾಗಾಗಿ ಎರಡೂ ಒಂದೇ ಆವಿಷ್ಕಾರವಲ್ಲ, 101ರ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ.

ಔಷಧದ ಅರ್ಜಿಗಳಲ್ಲಿ ನಿಮಗೆ ಹೆಚ್ಚಾಗಿ ಎದುರಾಗುವುದು ಎರಡನೆಯ ಬಗೆ. ಇದನ್ನು ಕಟ್ಟಿದವರು ನ್ಯಾಯಾಲಯಗಳು. ಹೊಸ ಕ್ಲೇಮ್ ಹಳೆಯದರ ಪಡಿಯಚ್ಚಲ್ಲ, ಆದರೆ ಆ ಕ್ಷೇತ್ರ ಬಲ್ಲವರಿಗೆ ಹಳೆಯದರಿಂದ ಸಹಜವಾಗಿ ಹೊಳೆಯುವಂಥದ್ದು ಎಂಬುದು ಇದರ ವಾದ. ಹಿಂದಿರುವ ಕಾಳಜಿಗಳು ಎರಡು. ಒಂದೇ ಆವಿಷ್ಕಾರದ ಅವಧಿಯನ್ನು ಸಣ್ಣಪುಟ್ಟ ಬದಲಾವಣೆಯ ನೆಪದಲ್ಲಿ ಎಳೆಯಬಾರದು. ಒಂದೇ ವಸ್ತುವಿಗೆ ಬೇರೆ ಬೇರೆ ಒಡೆಯರು ಬೇರೆ ಬೇರೆ ಪೇಟೆಂಟ್ ಹಿಡಿದು ಒಬ್ಬನ ಮೇಲೆಯೇ ದಾವೆಗಳ ಮೇಲೆ ದಾವೆ ಹೂಡಬಾರದು. ನ್ಯಾಯಯುತವಾದ ಕಾಳಜಿಗಳೇ ಇವು. ಉತ್ತರ ಬರೆಯುವಾಗ ಇವನ್ನು ಗೌರವಿಸಿಯೇ ಬರೆಯಬೇಕು.

ಈ ಹಂತದಲ್ಲೇ ಇನ್ನೊಂದು ಸಂಗತಿ ನೋಡಿಕೊಳ್ಳಿ. ಹಿಂದಿನ ಪೇಟೆಂಟ್ ನಿಮ್ಮ ಅರ್ಜಿಗಿಂತ ಬಹಳ ಮೊದಲೇ ಪ್ರಕಟವಾಗಿದ್ದರೆ ಅದು ಪೂರ್ವಜ್ಞಾನವೂ (ಆಗಲೇ ಎಲ್ಲರಿಗೂ ಲಭ್ಯವಿದ್ದ ತಿಳಿವಳಿಕೆಯೂ) ಆಗಿರುತ್ತದೆ. ಆಗ 103ನೇ ಸೆಕ್ಷನ್ ಅಡಿ, ಅದರಿಂದ ಇದು ಸಹಜವಾಗಿ ಹೊಳೆಯುವಂಥದ್ದು ಎಂಬ ಪ್ರತ್ಯೇಕ ಆಕ್ಷೇಪ ಬರಬಹುದು, ಮತ್ತು ಅದರಲ್ಲಿ ಪರೀಕ್ಷಕರು ಹಿಂದಿನ ಪೇಟೆಂಟಿನ ಪ್ರತಿ ಸಾಲನ್ನೂ ಬಳಸಬಹುದು. ಡಿಸ್‌ಕ್ಲೇಮರ್ ಕೊಟ್ಟರೂ 103ರ ಆಕ್ಷೇಪ ಹಾಗೆಯೇ ಉಳಿಯುತ್ತದೆ. ಎರಡಕ್ಕೂ ಬೇರೆ ಬೇರೆ ಉತ್ತರ ಬರೆಯಿರಿ.

ಎರಡನೇ ಹೆಜ್ಜೆ: ದಿನಾಂಕಗಳನ್ನು ಕಾಗದದ ಮೇಲೆ ಬರೆಯಿರಿ

ರಸಾಯನಶಾಸ್ತ್ರದಿಂದ ಬಂದ ನಮಗೆ ರಚನಾಸೂತ್ರ ಕಂಡರೆ ಕೈ ಅತ್ತಲೇ ಓಡುತ್ತದೆ. ತಡೆದುಕೊಳ್ಳಿ. ಮೊದಲು ಎರಡೂ ದಾಖಲೆಗಳ ಸಲ್ಲಿಕೆಯ ದಿನ, ಆದ್ಯತೆಯ ದಿನ (ಆವಿಷ್ಕಾರಕ್ಕೆ ಮೊಟ್ಟಮೊದಲು ಅರ್ಜಿ ಹಾಕಿದ ದಿನ), ಮಂಜೂರಾದ ದಿನ, ಮುಗಿಯುವ ದಿನ ಮತ್ತು ಒಡೆಯರ ಹೆಸರು ಬರೆದುಕೊಳ್ಳಿ.

1995ರ ಜೂನ್ 8ರಿಂದ ಈಚೆಗೆ ಸಲ್ಲಿಸಿದ ಅರ್ಜಿಗಳಿಗೆ ಅಮೆರಿಕದಲ್ಲಿ ಅವಧಿ 20 ವರ್ಷ. ಎಣಿಕೆ ಶುರುವಾಗುವುದು ಆ ಸರಣಿಯ ಮೊದಲ ಪೂರ್ಣ ಅರ್ಜಿಯ ಸಲ್ಲಿಕೆಯಿಂದ. ಭಾರತದಲ್ಲಿ ಮೊದಲು ಸಲ್ಲಿಸಿದ ಅರ್ಜಿಯ ಆದ್ಯತಾ ದಿನ, ಅಮೆರಿಕದ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿಯ ದಿನ ಈ ಎಣಿಕೆಗೆ ಬರುವುದಿಲ್ಲ. ಪಿಸಿಟಿ (ಪೇಟೆಂಟ್ ಸಹಕಾರ ಒಪ್ಪಂದ) ಅಡಿಯ ಅಂತರರಾಷ್ಟ್ರೀಯ ಅರ್ಜಿಯ ಸಲ್ಲಿಕೆಯ ದಿನ ಬರುತ್ತದೆ. ಹೊಸಬರು ತಪ್ಪುವುದು ಇಲ್ಲೇ.

ಒಂದು ಕಲ್ಪಿತ ಲೆಕ್ಕ ಹಾಕೋಣ. ಹಿಂದಿನ ಪೇಟೆಂಟಿನ ಅರ್ಜಿ 2012ರ ಮಾರ್ಚ್ 10ರಂದು ಸಲ್ಲಿಕೆಯಾಗಿದೆ. ಹೆಚ್ಚುವರಿ ದಿನಗಳೇನೂ ಸಿಕ್ಕಿಲ್ಲ. ಅದು 2032ರ ಮಾರ್ಚ್ 10ಕ್ಕೆ ಮುಗಿಯುತ್ತದೆ. ನಿಮ್ಮ ಹೊಸ ಅರ್ಜಿ ಅದರದೇ ಕಂಟಿನ್ಯುಯೇಷನ್ (ಅದೇ ವಿವರಣೆಯ ಮೇಲೆ ಮುಂದುವರಿಸಿದ ಅರ್ಜಿ) ಆಗಿದ್ದರೆ ಅದೂ ಮೂಲತಃ ಅದೇ ದಿನ ಮುಗಿಯುತ್ತದೆ. ಆದರೆ ಪೇಟೆಂಟ್ ಕಚೇರಿಯೇ ತಡ ಮಾಡಿದ್ದಕ್ಕೆ 300 ದಿನಗಳ ಹೊಂದಾಣಿಕೆ ಸಿಗುವಂತಿದ್ದರೆ ಹೊಸದು 2033ರ ಜನವರಿ 4ರವರೆಗೆ ಹೋಗುತ್ತದೆ. ಆಗ ಡಿಸ್‌ಕ್ಲೇಮರ್ ಕೊಟ್ಟರೆ ಕಳೆದುಕೊಳ್ಳುವುದು ಆ 300 ದಿನ. ಇನ್ನೊಂದು ಸನ್ನಿವೇಶ: ಹೊಸ ಅರ್ಜಿ ಹಳೆಯದರ ಸರಣಿಗೆ ಸೇರಿಲ್ಲ, 2015ರ ಜೂನ್ 4ರಂದು ಸ್ವತಂತ್ರವಾಗಿ ಸಲ್ಲಿಕೆಯಾಗಿದೆ. ಅದರ ಅವಧಿ 2035ರ ಜೂನ್ 4ಕ್ಕೆ ಮುಗಿಯುತ್ತದೆ. ಇಲ್ಲಿ ಡಿಸ್‌ಕ್ಲೇಮರ್ ಎಂದರೆ ಮೂರು ವರ್ಷ ಎರಡು ತಿಂಗಳಿಗೂ ಹೆಚ್ಚು. ಮೊದಲ ಸನ್ನಿವೇಶಕ್ಕೂ ಇದಕ್ಕೂ ಒಂದೇ ಉತ್ತರ ಬರೆಯಲು ಬರುವುದಿಲ್ಲ.

ಎರಡು ಬಗೆಯ ಹೆಚ್ಚುವರಿ ದಿನಗಳನ್ನು ಬೆರೆಸಬೇಡಿ. ಪೇಟೆಂಟ್ ಕಚೇರಿಯ ವಿಳಂಬಕ್ಕೆ ಸಿಗುವುದು ಅವಧಿ ಹೊಂದಾಣಿಕೆ. ಸೆಲೆಕ್ಟ್ ಎಂಬ ಕಂಪನಿಯ ಪೇಟೆಂಟುಗಳ ಕುರಿತ 2023ರ ತೀರ್ಪಿನ ಪ್ರಕಾರ, ಡಬಲ್ ಪೇಟೆಂಟಿಂಗ್ ನೋಡುವಾಗ ಈ ದಿನಗಳನ್ನೂ ಕೂಡಿಸಿದ ಮೇಲಿನ ಮುಕ್ತಾಯದ ದಿನವನ್ನೇ ಹಿಡಿಯಬೇಕು. ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಯ ಅನುಮೋದನೆ ಪಡೆಯುವಷ್ಟರಲ್ಲಿ ಕಳೆದುಹೋದ ಕಾಲಕ್ಕೆ ಸಿಗುವುದು ಅವಧಿ ವಿಸ್ತರಣೆ. ಇದು ಗರಿಷ್ಠ 5 ವರ್ಷ, ಅದೂ ಅನುಮೋದನೆಯಿಂದ 14 ವರ್ಷ ಮೀರದಂತೆ. ಫಿಂಗೋಲಿಮೋಡ್ ಕುರಿತ 2018ರ ತೀರ್ಪಿನಲ್ಲಿ, ಶಾಸನಬದ್ಧವಾಗಿ ಸಿಕ್ಕ ಈ ವಿಸ್ತರಣೆಯನ್ನು ಡಬಲ್ ಪೇಟೆಂಟಿಂಗ್ ಹೆಸರಿನಲ್ಲಿ ಕಿತ್ತುಕೊಳ್ಳಲಾಗದು ಎಂದು ನ್ಯಾಯಾಲಯ ಹೇಳಿತು. ಡಾರ್ಜೋಲಮೈಡ್ ಕುರಿತ 2007ರ ತೀರ್ಪಿನಂತೆ ಡಿಸ್‌ಕ್ಲೇಮರ್ ಕೊಟ್ಟ ಪೇಟೆಂಟಿಗೂ ಈ ವಿಸ್ತರಣೆ ಸಿಗಬಲ್ಲದು. ಯಾವ ಪೇಟೆಂಟಿಗೆ ವಿಸ್ತರಣೆ ಕೇಳಬೇಕೆಂದು ಕಂಪನಿ ಯೋಚಿಸಿದೆಯೋ ಅದನ್ನು ಉತ್ತರ ಬರೆಯುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ ಎಂಬುದೂ ದಿನಾಂಕಗಳ ಆಟವೇ. ಮೊದಲು ಮಂಜೂರಾದದ್ದು ನಂತರದ್ದಕ್ಕೆ ಅಡ್ಡಿ ಎಂದು ಬಹುಕಾಲ ತಿಳಿಯಲಾಗಿತ್ತು. ಗಿಲಿಯಾಡ್ ಮತ್ತು ಹೈದರಾಬಾದಿನ ನ್ಯಾಟ್ಕೋ ನಡುವಿನ 2014ರ ತೀರ್ಪು ಅದನ್ನು ಬದಲಿಸಿತು. ಅಲ್ಲಿ ತಡವಾಗಿ ಮಂಜೂರಾಗಿದ್ದ ಪೇಟೆಂಟ್ 22 ತಿಂಗಳು ಮೊದಲೇ ಮುಗಿಯುತ್ತಿತ್ತು. ಅದನ್ನೇ ಆಧಾರವಾಗಿಟ್ಟು ಮೊದಲು ಮಂಜೂರಾದ ಪೇಟೆಂಟನ್ನು ಪ್ರಶ್ನಿಸಬಹುದು ಎಂದಾಯಿತು. ಮುಗಿದ ಆವಿಷ್ಕಾರ ಸಾರ್ವಜನಿಕರಿಗೆ ಸೇರಬೇಕು, ಅದನ್ನು ಇನ್ನೊಂದು ಪೇಟೆಂಟ್ ಬೀಗ ಹಾಕಿ ಇಡಬಾರದು ಎಂಬುದು ಅದರ ತಿರುಳು. ಹತ್ತು ವರ್ಷಗಳ ನಂತರ, ಎಲುಕ್ಸಡೋಲಿನ್ ಔಷಧದ ಬಗ್ಗೆ ಅಲರ್ಗನ್ ಮತ್ತು ಹೈದರಾಬಾದಿನದೇ ಆದ ಎಂಎಸ್‌ಎನ್ ನಡುವಿನ 2024ರ ತೀರ್ಪು ಇದಕ್ಕೊಂದು ಗೆರೆ ಎಳೆಯಿತು: ಒಂದೇ ಆದ್ಯತಾ ದಿನವಿರುವ ಕುಟುಂಬದಲ್ಲಿ ಮೊದಲು ಸಲ್ಲಿಸಿ ಮೊದಲು ಮಂಜೂರಾದ ಕ್ಲೇಮನ್ನು, ಆಮೇಲೆ ಸಲ್ಲಿಸಿ ಆಮೇಲೆ ಮಂಜೂರಾದ ಕ್ಲೇಮ್ ಅಸಿಂಧುಗೊಳಿಸಲಾರದು, ಅದು ಮೊದಲೇ ಮುಗಿಯುವಂತಿದ್ದರೂ ಸರಿ. ನಿಮ್ಮ ಅರ್ಜಿ ಆ ಮೊದಲನೆಯ ಸ್ಥಾನದಲ್ಲಿದ್ದರೆ ಉತ್ತರ ಒಂದು ಪ್ಯಾರಾದಲ್ಲೇ ಮುಗಿಯಬಹುದು.

ಮೂರನೇ ಹೆಜ್ಜೆ: ಕ್ಲೇಮಿಗೆ ಎದುರು ಕ್ಲೇಮ್

ಈ ಕೆಲಸದ ಜೀವಾಳ ಇದು. ನಾನು ಇದನ್ನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಉತ್ತರಕ್ಕೆ ನಾಲ್ಕು ಪುಟ ಬರೆದಿದ್ದೆ. ಹಿಂದಿನ ಪೇಟೆಂಟಿನ ಉದಾಹರಣೆಗಳು, ಪ್ರಯೋಗದ ಕೋಷ್ಟಕಗಳು, ಸಂಶ್ಲೇಷಣೆಯ ಹಂತಗಳು ನಮ್ಮವಕ್ಕಿಂತ ಹೇಗೆ ಬೇರೆ ಎಂದು ಶ್ರದ್ಧೆಯಿಂದ ಹೋಲಿಸಿದ್ದೆ. ತಿದ್ದಲು ಕೊಟ್ಟಾಗ ಹಿರಿಯ ಮೇಡಂ ಪೆನ್ಸಿಲಿನಿಂದ ಅಂಚಿನಲ್ಲಿ ಎರಡೇ ಪದ ಬರೆದರು: ‘ಕ್ಲೇಮ್ ಎಲ್ಲಿ?’ ಅಷ್ಟೂ ಪುಟಗಳಲ್ಲಿ ಒಂದು ಕಡೆಯೂ ಹಿಂದಿನ ಪೇಟೆಂಟಿನ ಕ್ಲೇಮಿನ ಪಠ್ಯ ಇರಲಿಲ್ಲ. ಆ ಎರಡು ಪದಗಳನ್ನು ನಾನು ಇಂದಿಗೂ ಪ್ರತಿ ಕರಡಿನ ಮೇಲೆ ಬರೆದುಕೊಂಡೇ ಕೆಲಸ ಶುರು ಮಾಡುತ್ತೇನೆ.

ಎಡಗಡೆ ಹಿಂದಿನ ಪೇಟೆಂಟಿನ ಕ್ಲೇಮ್, ಬಲಗಡೆ ನಿಮ್ಮದು. ಪದ ಪದವಾಗಿ ಒಡೆದು ಬರೆಯಿರಿ. ವ್ಯತ್ಯಾಸ ಯಾವುದು ಎಂದು ಗುರುತು ಹಾಕಿ. ಪರೀಕ್ಷಕರು ಹೇಳಬೇಕಾದದ್ದು ಆ ವ್ಯತ್ಯಾಸ ಏಕೆ ಸಹಜವಾಗಿ ಹೊಳೆಯುವಂಥದ್ದು ಎಂಬುದನ್ನು. ಹಿಂದಿನ ಪೇಟೆಂಟಿನ ವಿವರಣಾ ಭಾಗವನ್ನು ಅವರು ಪೂರ್ವಜ್ಞಾನದಂತೆ ಬಳಸುವಂತಿಲ್ಲ. ಎಷ್ಟೋ ಆಫೀಸ್ ಆಕ್ಷನ್‌ಗಳಲ್ಲಿ ‘ಹಿಂದಿನ ಪೇಟೆಂಟಿನ ಉದಾಹರಣೆ 7 ಇದನ್ನೇ ಕಲಿಸುತ್ತದೆ’ ಎಂಬಂಥ ವಾಕ್ಯ ನುಸುಳಿರುತ್ತದೆ. ಅದನ್ನು ಹುಡುಕಿ, ಬೆರಳಿಟ್ಟು ತೋರಿಸಿ.

ಆದರೆ ವಿವರಣೆಯನ್ನು ಮುಟ್ಟಲೇಬಾರದು ಎಂದೇನಿಲ್ಲ. ಕ್ಲೇಮಿನ ಪದಕ್ಕೆ ಅರ್ಥ ಹುಡುಕಲು ಅದು ನಿಘಂಟಿನಂತೆ ಬಳಕೆಯಾಗುತ್ತದೆ. ಔಷಧದ ವಿಷಯದಲ್ಲಿ ಇನ್ನೂ ಒಂದು ಬಳಕೆ ಇದೆ, ಅದು ಅಪಾಯಕಾರಿ. ಹಿಂದಿನ ಪೇಟೆಂಟ್ ಸಂಯುಕ್ತವನ್ನೇ ಕ್ಲೇಮ್ ಮಾಡಿದ್ದರೆ, ಆ ಸಂಯುಕ್ತದ ಉಪಯೋಗ ಏನು ಎಂದು ತಿಳಿಯಲು ವಿವರಣೆಯನ್ನು ನೋಡಬಹುದು. ಜೆಮ್‌ಸಿಟಬಿನ್ ಮೊಕದ್ದಮೆ ಇದಕ್ಕೆ ಸಾಕ್ಷಿ. ಲಿಲ್ಲಿಯ ಹಿಂದಿನ ಪೇಟೆಂಟ್ ಜೆಮ್‌ಸಿಟಬಿನ್ ಸಂಯುಕ್ತವನ್ನೂ ವೈರಸ್ ಸೋಂಕಿನ ಚಿಕಿತ್ಸೆಯನ್ನೂ ಕ್ಲೇಮ್ ಮಾಡಿತ್ತು. ಕ್ಯಾನ್ಸರಿಗೂ ಉಪಯೋಗವಿದೆ ಎಂದು ವಿವರಣೆಯಲ್ಲಿ ಹೇಳಿತ್ತು. ನಂತರದ ಪೇಟೆಂಟ್ ಕ್ಯಾನ್ಸರ್ ಚಿಕಿತ್ಸೆಯನ್ನು ಕ್ಲೇಮ್ ಮಾಡಿತು. ಸನ್ ಫಾರ್ಮಾ ಅದನ್ನು ಪ್ರಶ್ನಿಸಿ 2010ರಲ್ಲಿ ಗೆದ್ದಿತು. ಸಂಯುಕ್ತ ಮೊದಲು, ಆಮೇಲೆ ಅದರ ಚಿಕಿತ್ಸಾ ವಿಧಾನ ಎಂಬ ಕ್ರಮದಲ್ಲಿ ನಿಮ್ಮ ಅರ್ಜಿ ಇದ್ದರೆ, ಹಿಂದಿನ ದಾಖಲೆಯಲ್ಲಿ ಆ ರೋಗದ ಹೆಸರಿದೆಯೇ ಎಂದು ಇಡೀ ವಿವರಣೆಯನ್ನು ಓದಿ ನೋಡಿ. ಇದ್ದರೆ ವಾದಕ್ಕೆ ಹೋಗಬೇಡಿ. ಹಿಂದೆ ಎಲ್ಲಿಯೂ ಸೂಚಿಸದ ಹೊಸ ರೋಗಕ್ಕೆ, ಅನಂತರ ಪ್ರಯೋಗದಿಂದ ಕಂಡುಕೊಂಡ ಉಪಯೋಗವಾಗಿದ್ದರೆ ಧೈರ್ಯವಾಗಿ ವಾದಿಸಿ.

ವ್ಯಾಪ್ತಿಯ ಪ್ರಶ್ನೆಗೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಔಷಧದ್ದಲ್ಲ, ಮಾಂಸದ್ದು. ವೋಗೆಲ್ ಎಂಬ 1970ರ ತೀರ್ಪು. ಅರ್ಜಿದಾರರಿಗೆ ಹಂದಿ ಮಾಂಸವನ್ನು ಪ್ಯಾಕ್ ಮಾಡುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತ್ತು. ಆಮೇಲೆ ದನದ ಮಾಂಸಕ್ಕೆ ಒಂದು ಕ್ಲೇಮ್, ಬರೀ ‘ಮಾಂಸ’ ಎಂದು ಬೇರೆ ಕ್ಲೇಮ್‌ಗಳು ಹಾಕಿದರು. ದನದ ಮಾಂಸದ ಕ್ಲೇಮ್ ಉಳಿಯಿತು. ‘ಮಾಂಸ’ ಎಂಬವು ಬಿದ್ದವು, ಏಕೆಂದರೆ ಹಂದಿಯದೂ ಮಾಂಸವೇ. ಹಳೆಯ ಪೇಟೆಂಟ್ ಮುಗಿದ ಮೇಲೂ ಅದೇ ವಿಧಾನ ಬೀಗದೊಳಗೇ ಉಳಿಯುತ್ತಿತ್ತು.

ಇದನ್ನು ರಸಾಯನಶಾಸ್ತ್ರಕ್ಕೆ ತನ್ನಿ. ಹಿಂದಿನ ಕ್ಲೇಮ್ ಒಂದೇ ಸಂಯುಕ್ತದ್ದು, ನಿಮ್ಮದು ಆ ಸಂಯುಕ್ತವನ್ನೂ ಒಳಗೊಳ್ಳುವ ಇಡೀ ಗುಂಪಿನದು, ಅಂದರೆ ಮಾರ್ಕುಶ್ ಸೂತ್ರದ್ದು ಎಂದಾದರೆ ನೀವು ‘ಮಾಂಸ’ ಎಂದವರ ಸ್ಥಾನದಲ್ಲಿದ್ದೀರಿ. ಗುಂಪಿನಿಂದ ಆ ಸಂಯುಕ್ತವನ್ನು ಹೊರಗಿಡುವುದು ಒಂದು ದಾರಿ. ಆದರೆ ಉಳಿದವು ಅದಕ್ಕೆ ತೀರಾ ಹತ್ತಿರದ ರಚನೆಗಳಾಗಿದ್ದರೆ ಆಕ್ಷೇಪ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ತಿರುಗುಮುರುಗಾದ ಸ್ಥಿತಿ ನಿಮಗೆ ಅನುಕೂಲ: ಹಿಂದಿನದು ವಿಶಾಲವಾದ ಗುಂಪು, ನಿಮ್ಮದು ಅದರೊಳಗಿನ ಒಂದೇ ಸಂಯುಕ್ತ. ಹಳೆಯ ಕ್ಲೇಮ್ ನಿಮ್ಮ ಸಂಯುಕ್ತವನ್ನು ಆವರಿಸುತ್ತದೆ ಎಂಬ ಮಾತ್ರಕ್ಕೆ ಅದು ಡಬಲ್ ಪೇಟೆಂಟಿಂಗ್ ಆಗುವುದಿಲ್ಲ. ಆವರಿಸುವುದು ಬೇರೆ, ಹೊಳೆಯಿಸುವುದು ಬೇರೆ. ಲಕ್ಷಾಂತರ ಸಾಧ್ಯತೆಗಳ ಸೂತ್ರದಿಂದ ಈ ಒಂದಕ್ಕೆ ಯಾರಾದರೂ ಏಕೆ ಬಂದು ತಲುಪುತ್ತಿದ್ದರು ಎಂದು ಪರೀಕ್ಷಕರೇ ಕಾರಣ ಕೊಡಬೇಕು.

ನಾಲ್ಕನೇ ಹೆಜ್ಜೆ: ರಚನೆಯ ವಾದ ಮತ್ತು ಪ್ರಯೋಗದ ಪುರಾವೆ

ಒಂದು ಸಂಯುಕ್ತಕ್ಕೆ ಎದುರಾಗಿ ಇನ್ನೊಂದು ಸಂಯುಕ್ತ ಎಂದಾದಾಗ ಅರಿಪಿಪ್ರಜೋಲ್ ಕುರಿತ 2012ರ ತೀರ್ಪನ್ನು ಓದದೆ ಮುಂದೆ ಹೋಗಬೇಡಿ. ಓಟ್ಸುಕಾದ ಹಿಂದಿನ ಪೇಟೆಂಟ್ ಕ್ಲೇಮ್ ಮಾಡಿದ್ದ ಸಂಯುಕ್ತದ ಫೀನೈಲ್ ಉಂಗುರದಲ್ಲಿ ಎರಡು ಜಾಗಗಳಲ್ಲಿ ಹೈಡ್ರೋಜನ್ ಇತ್ತು. ಅರಿಪಿಪ್ರಜೋಲಿನಲ್ಲಿ ಅಲ್ಲಿ ಕ್ಲೋರಿನ್ ಇದೆ. ಕಾಗದದ ಮೇಲೆ ಇದು ಪುಟ್ಟ ಬದಲಾವಣೆ. ನ್ಯಾಯಾಲಯ ಎರಡು ಮಾತು ಹೇಳಿತು. ಸಾಮಾನ್ಯ ಆಕ್ಷೇಪದಲ್ಲಿ ಪರೀಕ್ಷಕರು ಮೊದಲು ಒಂದು ಲೀಡ್ ಸಂಯುಕ್ತವನ್ನು (ಸುಧಾರಣೆಗೆ ಆಧಾರವಾಗುವ ಸಂಯುಕ್ತವನ್ನು) ಆರಿಸಿಕೊಳ್ಳಲು ಕಾರಣ ತೋರಿಸಬೇಕು. ಡಬಲ್ ಪೇಟೆಂಟಿಂಗ್‌ನಲ್ಲಿ ಆ ಕೆಲಸವಿಲ್ಲ, ಹಿಂದೆ ಕ್ಲೇಮ್ ಆದ ಸಂಯುಕ್ತವೇ ಹೊರಡುವ ಸ್ಥಳ. ಆದರೆ ಅಲ್ಲಿಂದ ಹೊಸ ಸಂಯುಕ್ತಕ್ಕೆ ಬದಲಾಯಿಸಲು ಕಾರಣ ಬೇಕೇ ಬೇಕು. ಆ ಕಾರಣ ಅಲ್ಲಿರಲಿಲ್ಲ, ಪೇಟೆಂಟ್ ಉಳಿಯಿತು.

ಆದ್ದರಿಂದ ಆಫೀಸ್ ಆಕ್ಷನ್‌ನಲ್ಲಿ ‘ರಚನೆಗಳು ಹತ್ತಿರವಾಗಿವೆ’ ಎಂದಷ್ಟೇ ಇದ್ದರೆ, ಬದಲಾವಣೆಗೆ ಕಾರಣವೇನು ಎಂದು ನೇರವಾಗಿ ಕೇಳಿ. ಮೀಥೈಲ್ ಬದಲು ಈಥೈಲ್ ಎಂಬಂಥ ಅಕ್ಕಪಕ್ಕದ ಸಂಯುಕ್ತವಾದರೆ ಬರೀ ಪ್ರಶ್ನೆ ಸಾಲದು, ಪುರಾವೆ ಬೇಕು. ನಿಯಮ 132ರ ಅಡಿಯ ಘೋಷಣಾಪತ್ರದಲ್ಲಿ ವಿಜ್ಞಾನಿಯೊಬ್ಬರು ಹೋಲಿಕೆಯ ಪ್ರಯೋಗವನ್ನು ದಾಖಲಿಸಬಹುದು. ಹೋಲಿಕೆ ಹಿಂದಿನ ಕ್ಲೇಮಿನಲ್ಲಿರುವ ಅತಿ ಹತ್ತಿರದ ಸಂಯುಕ್ತದೊಂದಿಗೇ ಇರಲಿ. ಅದೇ ಪ್ರಯೋಗ, ಅದೇ ಪ್ರಮಾಣ, ಅದೇ ಪರಿಸ್ಥಿತಿ. ಲ್ಯಾಬಿನಿಂದ ಅನುಕೂಲವಾದ ಅಂಕಿಗಳನ್ನು ಮಾತ್ರ ಆಯ್ದು ತರಬೇಡಿ. ಆ ಘೋಷಣಾಪತ್ರವನ್ನು ಮುಂದೊಂದು ದಿನ ಎದುರು ಪಕ್ಷದ ವಕೀಲರು ಸಾಲು ಸಾಲಾಗಿ ಓದುತ್ತಾರೆ. ಪೆಮೆಟ್ರೆಕ್ಸೆಡ್ ಕುರಿತ 2012ರ ತೀರ್ಪು, ಇಂಥ ವಸ್ತುನಿಷ್ಠ ಪುರಾವೆಗಳನ್ನು ಡಬಲ್ ಪೇಟೆಂಟಿಂಗ್ ವಿಚಾರದಲ್ಲೂ ಪರಿಗಣಿಸಬೇಕು ಎಂದಿದೆ.

ಐದನೇ ಹೆಜ್ಜೆ: ಕಚೇರಿಯೇ ಬೇರ್ಪಡಿಸಲು ಹೇಳಿತ್ತೇ?

ಸಂಯುಕ್ತ, ತಯಾರಿಕೆಯ ವಿಧಾನ, ಚಿಕಿತ್ಸಾ ವಿಧಾನ ಮೂರನ್ನೂ ಒಂದೇ ಅರ್ಜಿಯಲ್ಲಿ ಸಲ್ಲಿಸಿದಾಗ, ಒಂದನ್ನು ಆರಿಸಿ ಎಂದು ಪರೀಕ್ಷಕರು ಕೇಳುವುದುಂಟು. ಇದು ರಿಸ್ಟ್ರಿಕ್ಷನ್. ಕಚೇರಿಯ ಮಾತಿನಂತೆ ಉಳಿದವನ್ನು ಡಿವಿಷನಲ್ ಅರ್ಜಿಯಾಗಿ ಸಲ್ಲಿಸಿದವರ ಮೇಲೆ, ಮೂಲ ಪೇಟೆಂಟನ್ನೇ ತೋರಿಸಿ ಡಬಲ್ ಪೇಟೆಂಟಿಂಗ್ ಎನ್ನುವಂತಿಲ್ಲ. ಅಮೆರಿಕದ ಕಾಯಿದೆಯ 121ನೇ ಸೆಕ್ಷನ್ ಕೊಡುವ ರಕ್ಷೆ ಇದು.

ರಕ್ಷೆ ಗಟ್ಟಿಯಾದದ್ದು, ಆದರೆ ಹೆಸರಿಗೆ ಅಂಟಿಕೊಂಡಿದೆ. ಸೆಲೆಕಾಕ್ಸಿಬ್ ಔಷಧದ ಚಿಕಿತ್ಸಾ ವಿಧಾನದ ಪೇಟೆಂಟ್ 2008ರಲ್ಲಿ ಬಿದ್ದದ್ದು ಇದರಿಂದಲೇ. ಫೈಜರ್ ಕೈಯಲ್ಲಿದ್ದ ಆ ಪೇಟೆಂಟಿನ ಅರ್ಜಿ ಡಿವಿಷನಲ್ ಆಗಿರಲಿಲ್ಲ, ಹೊಸ ವಿಷಯ ಸೇರಿಸಿದ ಕಂಟಿನ್ಯುಯೇಷನ್-ಇನ್-ಪಾರ್ಟ್ ಆಗಿತ್ತು. ರಕ್ಷೆ ಡಿವಿಷನಲ್‌ಗೆ ಮಾತ್ರ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ ಹಳೆಯ ಕಡತ ತೆರೆದು ರಿಸ್ಟ್ರಿಕ್ಷನ್ ಪತ್ರ ಹುಡುಕಿ, ಯಾವ ಗುಂಪಿನಲ್ಲಿ ಯಾವ ಕ್ಲೇಮ್ ಇತ್ತು ಎಂದು ನೋಡಿ. ಈಗಿನ ಕ್ಲೇಮ್‌ಗಳು ಅಂದು ಹಾಕಿದ ಗೆರೆಯನ್ನು ದಾಟಿ ಆರಿಸಿಕೊಂಡ ಗುಂಪಿನೊಳಗೆ ನುಗ್ಗಿದ್ದರೆ ರಕ್ಷೆ ಹೋಗುತ್ತದೆ. ಹೊಸ ಅರ್ಜಿ ಸಲ್ಲಿಸುವ ದಿನ ಯಾರೋ ನಮೂನೆಯಲ್ಲಿ ಕಂಟಿನ್ಯುಯೇಷನ್ ಎಂದು ಗುರುತು ಹಾಕಿದ್ದಕ್ಕೆ ಹತ್ತು ವರ್ಷದ ನಂತರ ಬೆಲೆ ತೆರಬೇಕಾಗುತ್ತದೆ. ಆ ಒಂದು ಪದವನ್ನು ಇಬ್ಬರು ನೋಡಿ ಸಲ್ಲಿಸುವ ಅಭ್ಯಾಸ ಇಟ್ಟುಕೊಳ್ಳಿ.

ಆರನೇ ಹೆಜ್ಜೆ: ಟರ್ಮಿನಲ್ ಡಿಸ್‌ಕ್ಲೇಮರ್, ಲೆಕ್ಕ ಹಾಕಿದ ಮೇಲೆ

ವಾದ ನಿಲ್ಲುವುದಿಲ್ಲ ಎಂದು ಮನವರಿಕೆಯಾದರೆ, ಅಥವಾ ಕಳೆದುಕೊಳ್ಳುವ ದಿನಗಳು ತೀರ ಕಡಿಮೆ ಎಂದಾದರೆ, ಡಿಸ್‌ಕ್ಲೇಮರ್ ಸಲ್ಲಿಸಿ. ಅದರಲ್ಲಿ ನೀವು ಎರಡು ಮಾತು ಕೊಡುತ್ತೀರಿ. ಹೊಸ ಪೇಟೆಂಟ್ ಹಳೆಯದರ ಜೊತೆಗೇ ಮುಗಿಯುತ್ತದೆ. ಎರಡೂ ಒಬ್ಬರ ಒಡೆತನದಲ್ಲಿ ಇರುವವರೆಗೆ ಮಾತ್ರ ಹೊಸದನ್ನು ಜಾರಿಗೊಳಿಸಬಹುದು.

ಎರಡನೆಯದನ್ನು ಜನ ಮರೆಯುತ್ತಾರೆ. ಐದು ವರ್ಷದ ನಂತರ ಕಂಪನಿ ಒಂದು ಪೇಟೆಂಟನ್ನು ಮಾರಿ ಇನ್ನೊಂದನ್ನು ಉಳಿಸಿಕೊಂಡರೆ, ಡಿಸ್‌ಕ್ಲೇಮರ್ ಇರುವ ಪೇಟೆಂಟ್ ನಿಷ್ಪ್ರಯೋಜಕವಾಗುತ್ತದೆ. ಒಡೆಯರು ಈಗಲೇ ಬೇರೆ ಬೇರೆಯಾಗಿದ್ದು, ಆವಿಷ್ಕಾರಕರಲ್ಲಿ ಒಬ್ಬರು ಮಾತ್ರ ಎರಡರಲ್ಲೂ ಇರುವುದರಿಂದ ಆಕ್ಷೇಪ ಬಂದಿದ್ದರೆ, ಸಾಮಾನ್ಯವಾಗಿ ಡಿಸ್‌ಕ್ಲೇಮರ್ ದಾರಿಯೇ ಮುಚ್ಚಿದೆ. ಜಂಟಿ ಸಂಶೋಧನಾ ಒಪ್ಪಂದ ಇದ್ದಲ್ಲಿ ಮಾತ್ರ ಅದಕ್ಕೆಂದೇ ಇರುವ ಬೇರೆ ನಿಯಮ ಅನ್ವಯಿಸುತ್ತದೆ.

ಸಹಿ ಹಾಕುವ ಮೊದಲು ಹಿಂದಿನ ಪೇಟೆಂಟಿನ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿ ತಾಳೆ ನೋಡಿ. ಪೇಟೆಂಟ್ ಮಂಜೂರಾದ ಮೇಲೆ ಡಿಸ್‌ಕ್ಲೇಮರನ್ನು ಹಿಂದಕ್ಕೆ ಪಡೆಯಲು ತಪ್ಪು ತಿದ್ದಿಸಿ ಪೇಟೆಂಟನ್ನು ಮತ್ತೆ ಪಡೆಯುವ ಮರುಮಂಜೂರಾತಿಯ ದಾರಿಯೂ ಇಲ್ಲ ಎಂದು ಯಮಜಾಕಿ ಎಂಬ 2012ರ ತೀರ್ಪು ಹೇಳುತ್ತದೆ. ತೀರ ತಡ ಮಾಡುವುದೂ ಕೂಡದು. ಪ್ರಮಿಪೆಕ್ಸೋಲ್ ಮೊಕದ್ದಮೆಯಲ್ಲಿ ಹಿಂದಿನ ಪೇಟೆಂಟ್ ಮುಗಿದುಹೋದ ಮೇಲೆ ಸಲ್ಲಿಸಿದ ಡಿಸ್‌ಕ್ಲೇಮರ್ ನಡೆಯುವುದಿಲ್ಲ ಎಂದು 2010ರಲ್ಲಿ ತೀರ್ಮಾನವಾಯಿತು. ಆ ಪೇಟೆಂಟ್ ಉಳಿದದ್ದು 121ನೇ ಸೆಕ್ಷನ್ ರಕ್ಷೆಯಿಂದ. 2024ರ ಮೇ ತಿಂಗಳಲ್ಲಿ ಅಮೆರಿಕದ ಕಚೇರಿ ಡಿಸ್‌ಕ್ಲೇಮರ್ ನಿಯಮವನ್ನು ಇನ್ನಷ್ಟು ಬಿಗಿಗೊಳಿಸುವ ಪ್ರಸ್ತಾವ ತಂದು, ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಸದ್ಯಕ್ಕೆ ಹಳೆಯ ನಿಯಮವೇ ಇದೆ.

ಇನ್ನೂ ಮಂಜೂರಾಗದ ಎರಡು ಅರ್ಜಿಗಳ ನಡುವೆ ಬರುವ ಆಕ್ಷೇಪವನ್ನು ಪ್ರೊವಿಷನಲ್ ಎನ್ನುತ್ತಾರೆ. ತಾತ್ಕಾಲಿಕ ಎಂದು ಅದನ್ನು ಉತ್ತರಿಸದೆ ಬಿಡಬೇಡಿ. ವಾದವೋ ಡಿಸ್‌ಕ್ಲೇಮರೋ ಇಲ್ಲದಿದ್ದರೆ ನಿಮ್ಮ ಉತ್ತರ ಅಪೂರ್ಣವಾಗುತ್ತದೆ. ಮೊದಲ ಅರ್ಜಿಯಲ್ಲಿ ಉಳಿದ ಆಕ್ಷೇಪ ಇದೊಂದೇ ಆಗಿದ್ದರೆ, ಅದನ್ನು ಕೈಬಿಟ್ಟು ಮಂಜೂರು ಮಾಡುವಂತೆ ಪರೀಕ್ಷಕರನ್ನು ಕೇಳಿ. ಆಫೀಸ್ ಆಕ್ಷನ್‌ಗೆ ಉತ್ತರಿಸಲು ಕಾಲಾವಕಾಶ ಮೂರು ತಿಂಗಳು, ಶುಲ್ಕ ತೆತ್ತು ಒಟ್ಟು ಆರು ತಿಂಗಳವರೆಗೆ.

ಅದೇ ಸಂಯುಕ್ತ ಭಾರತದಲ್ಲಿ

ಬೆಂಗಳೂರು ಅಥವಾ ಮೈಸೂರಿನ ಅರ್ಜಿದಾರರ ಭಾರತೀಯ ಕಡತ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಅಮೆರಿಕಕ್ಕೆ ಬರೆದ ಉತ್ತರವನ್ನು ಇಲ್ಲಿಗೆ ನಕಲು ಮಾಡಿ ಕಳಿಸಬೇಡಿ. ಭಾರತದಲ್ಲಿ ಟರ್ಮಿನಲ್ ಡಿಸ್‌ಕ್ಲೇಮರ್ ಎಂಬ ವ್ಯವಸ್ಥೆಯೇ ಇಲ್ಲ. ಹಾಗಾಗಿ ಒಪ್ಪಂದ ಮಾಡಿಕೊಂಡು ಪಾರಾಗುವ ಬಾಗಿಲೂ ಇಲ್ಲ. ಎರಡನೆಯದು ಪ್ರತ್ಯೇಕ ಆವಿಷ್ಕಾರ ಎಂದು ಸಾಧಿಸಬೇಕು, ಇಲ್ಲವಾದರೆ ಕ್ಲೇಮ್ ಬಿಡಬೇಕು.

1970ರ ಪೇಟೆಂಟ್ ಕಾಯಿದೆಯ 46(2) ಒಂದು ಪೇಟೆಂಟ್ ಒಂದೇ ಆವಿಷ್ಕಾರಕ್ಕೆ ಎನ್ನುತ್ತದೆ. ಡಿವಿಷನಲ್ ಅರ್ಜಿಯ 16ನೇ ಸೆಕ್ಷನ್, ಒಂದರಲ್ಲಿ ಕ್ಲೇಮ್ ಆದದ್ದು ಇನ್ನೊಂದರಲ್ಲಿ ಕ್ಲೇಮ್ ಆಗದಂತೆ ತಿದ್ದಿಸುವ ಅಧಿಕಾರವನ್ನು ಕಂಟ್ರೋಲರ್‌ಗೆ ಕೊಟ್ಟಿದೆ. ಹಿಂದಿನ ಕ್ಲೇಮಿನ ಆಕ್ಷೇಪ 13(1)(ಬಿ) ಅಡಿ ಪರೀಕ್ಷೆಯ ಹಂತದಲ್ಲಿ, 64(1)(ಎ) ಅಡಿ ಪೇಟೆಂಟ್ ರದ್ದತಿಯ ಹಂತದಲ್ಲಿ ಬರುತ್ತದೆ. ಇವೆಲ್ಲದರ ಮೇಲೆ 3(ಡಿ) ಇದೆ: ಗೊತ್ತಿರುವ ವಸ್ತುವಿನ ಲವಣ, ಎಸ್ಟರ್, ಸ್ಫಟಿಕ ರೂಪ, ಐಸೋಮರ್ ಮುಂತಾದವು ಪರಿಣಾಮಕಾರಿತ್ವದಲ್ಲಿ ಗಣನೀಯವಾಗಿ ಬೇರೆಯಾಗದಿದ್ದರೆ ಅದೇ ವಸ್ತು ಎಂದೇ ಲೆಕ್ಕ. ಇಮಾಟಿನಿಬ್ ಮೆಸಿಲೇಟಿನ ಬೀಟಾ ಸ್ಫಟಿಕ ರೂಪ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು ಈ ಸೆಕ್ಷನ್‌ನಿಂದ. ಕ್ಯಾನ್ಸರ್ ಔಷಧ ಕೊಳ್ಳಲಾಗದ ಮನೆಗಳನ್ನು ಕಂಡ ಯಾರಿಗೂ ಆ ತೀರ್ಪು ಬರೀ ಕಾನೂನಿನ ಸಂಗತಿಯಾಗಿ ಕಾಣಲಾರದು, ನನಗಂತೂ ಕಂಡಿಲ್ಲ.

ಗುಂಪಿನ ಪೇಟೆಂಟ್ ಒಂದು, ಅದರೊಳಗಿನ ಸಂಯುಕ್ತದ ಪೇಟೆಂಟ್ ಇನ್ನೊಂದು ಎಂಬ ಪ್ರಶ್ನೆಯಲ್ಲಿ ಭಾರತ ಅಮೆರಿಕಕ್ಕಿಂತ ಕಟ್ಟುನಿಟ್ಟು. ಮಧುಮೇಹದ ಔಷಧ ಡಪಾಗ್ಲಿಫ್ಲೋಜಿನ್‌ಗೆ ಆಸ್ಟ್ರಾಜೆನೆಕಾ ಬಳಿ 2020ರಲ್ಲಿ ಮುಗಿದ ಗುಂಪಿನ ಪೇಟೆಂಟೂ 2023ರವರೆಗಿನ ಸಂಯುಕ್ತದ ಪೇಟೆಂಟೂ ಇದ್ದವು. ಇಂಟಾಸ್ ಮತ್ತಿತರ ಕಂಪನಿಗಳ ವಿರುದ್ಧ ಹೂಡಿದ ದಾವೆಗಳಲ್ಲಿ ಅದು ಒಂದೇ ಔಷಧ ಎರಡೂ ಪೇಟೆಂಟುಗಳನ್ನು ಉಲ್ಲಂಘಿಸುತ್ತದೆ ಎಂದು ಹೇಳಿಕೊಂಡಿತು. ಒಂದು ಆವಿಷ್ಕಾರಕ್ಕೆ ಒಂದೇ ಪೇಟೆಂಟ್ ಎಂದ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, 2021ರ ಜುಲೈನಲ್ಲಿ ಮಧ್ಯಂತರ ತಡೆಯಾಜ್ಞೆಯನ್ನು ನಿರಾಕರಿಸಿತು. ಕಂಪನಿಯ ಸ್ವಂತ ಮಾತೇ ಅದಕ್ಕೆ ಎದುರಾಗಿ ನಿಂತಿತು.

ಹೀಗಾಗಿ ಭಾರತದ ಮೊದಲ ಪರೀಕ್ಷಾ ವರದಿಗೆ ಉತ್ತರ ಬರೆಯುವ ಆರು ತಿಂಗಳು ಮುಗಿಯುವುದರೊಳಗೆ ಈ ಕೆಲಸ ಮಾಡಿಡಿ. ಆ ಸಂಯುಕ್ತದ ಬಗ್ಗೆ ಕಂಪನಿ ಎಲ್ಲೆಲ್ಲಿ ಏನೇನು ಹೇಳಿದೆ ಎಂದು ಒಂದು ಕಡತದಲ್ಲಿ ಒಟ್ಟು ಮಾಡಿ: ಅಮೆರಿಕದ ಉತ್ತರಗಳು, ಡಿಸ್‌ಕ್ಲೇಮರ್‌ಗಳು, ವಿಸ್ತರಣೆಯ ಅರ್ಜಿಗಳು, ನಮೂನೆ 3ರಲ್ಲಿ ಕೊಟ್ಟ ವಿದೇಶಿ ಅರ್ಜಿಗಳ ಮಾಹಿತಿ, ಮತ್ತು ಪೇಟೆಂಟ್ ಬಳಕೆಯ ಬಗ್ಗೆ ನಮೂನೆ 27ರಲ್ಲಿ ಕೊಟ್ಟ ಹೇಳಿಕೆ. ಒಂದೇ ಮಾತ್ರೆಯನ್ನು ಎರಡು ಪೇಟೆಂಟುಗಳ ಬಳಕೆ ಎಂದು ನಮೂನೆ 27ರಲ್ಲಿ ತೋರಿಸಿದ್ದರೆ, ಅದನ್ನು ಉತ್ತರದ ಕರಡಿಗೆ ಕೈ ಹಾಕುವ ಮೊದಲೇ ಹಿರಿಯ ವಕೀಲರ ಗಮನಕ್ಕೆ ತನ್ನಿ.